ಅಜ್ಜಂದಿರ ಹೆಸರು ಎಲ್ಲಿ ಬರೆದಿದೆ?

(ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ನಡೆದು ಬಂದ ದಾರಿಯನ್ನು ಅಧ್ಯಕ್ಷರು ಈಗಾಗಲೇ ಸವಿಸ್ತಾರವಾಗಿ ತಿಳಿಸಿದ್ದಾರೆ. ಸಾಲ, ಗೊಬ್ಬರ, ಷೇರಿನ ಲೆಕ್ಕವನ್ನೇ ನಾವೂ ಹೇಳುತ್ತಾ ಕೂತರೆ ಊಟಕ್ಕೆ ತಡವಾಗ್ತದೆ. ಹಾಗಾಗಿ ಬೇರೆ ವಿಷಯ ಎತ್ತಿಕೊಂಡಿದ್ದೇವೆ. ನಮ್ಮ ಹಿಂದಿನವರು ಯಾರು, ಎಲ್ಲಿಂದ ಬಂದರು, ಅದನ್ನು ಹುಡುಕುವುದು ಹೇಗೆ ಅನ್ನುವುದೇ ಆ ವಿಷಯ.

ಇದು ಯಾಕೆ ತಲೆಗೆ ಬಂತು ಅಂದರೆ, ಹಿಂದೊಮ್ಮೆ ಇಂಗ್ಲೆಂಡಿನ ಗಂಡ ಹೆಂಡತಿ ಇಬ್ಬರು ದೇವರಮನೆ ನೋಡಿಕೊಂಡು ನಮ್ಮ ಕಚೇರಿಗೆ ಬಂದಿದ್ದರು. ಅವರ ಮುತ್ತಜ್ಜ ಈ ಸೀಮೆಯಲ್ಲಿ ಕಾಫಿ ಮಾಡಿದ ದೊರೆಯಂತೆ. ಕೈಯಲ್ಲಿ ಒಂದು ಕಟ್ಟು ಕಾಗದ. ಮುತ್ತಜ್ಜನ ಮದುವೆ ಯಾವ ಚರ್ಚಿನಲ್ಲಿ ಆಯಿತು, ಮಗುವಿಗೆ ಯಾವತ್ತು ಹೆಸರಿಟ್ಟರು, ಎಲ್ಲಿ ಮಣ್ಣು ಮಾಡಿದರು ಎಲ್ಲವೂ ಅದರಲ್ಲಿತ್ತು. ಕೇಳಿದ ಮೇಲೆ ತಿಳಿಯಿತು. ಕಂಪನಿ ಸರ್ಕಾರದ ಕಾಲದಿಂದಲೂ ಪಾದ್ರಿಗಳು ಬರೆದಿಟ್ಟ ಈ ಪಟ್ಟಿಗಳ ನಕಲು ಲಂಡನ್ನಿಗೆ ಹೋಗುತ್ತಿತ್ತು. ಅವೆಲ್ಲ ಈಗ ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮೈಸೂರು ಸೀಮೆಯವು ಮದ್ರಾಸು ಪ್ರಾಂತ್ಯದ ಕಟ್ಟಿನೊಳಗೆ ಸೇರಿವೆ.

ಇನ್ನು ಕೆಲವು ದೊರೆಗಳು ಪುಸ್ತಕವನ್ನೇ ಬರೆದಿದ್ದಾರೆ. ರಾಬರ್ಟ್ ಎಲಿಯಟ್ ಅಂತ ಸ್ಕಾಟ್ಲೆಂಡಿನವರು. 1856ರಲ್ಲಿ ನಮ್ಮ ಪಕ್ಕದ ಮಂಜರಾಬಾದಿನಲ್ಲಿ, ಅಂದರೆ ಈಗಿನ ಸಕಲೇಶಪುರದ ಕಡೆ ಕಾಫಿ ತೋಟಕ್ಕೆ ಕೈ ಹಾಕಿದರು. 1871ರಲ್ಲಿ ಒಂದು, 1894ರಲ್ಲಿ ಇನ್ನೊಂದು ಪುಸ್ತಕ ಅಚ್ಚು ಮಾಡಿಸಿದರು. ಹುಲಿ ಬೇಟೆ, ಗೌಡರ ನಡೆನುಡಿ, ಕಾಂಡಕೊರಕದ ಕಾಟ, ನೆರಳು ಮರ ಯಾಕೆ ಬೇಕು ಎಲ್ಲ ಇದೆ ಅದರಲ್ಲಿ. (ಕಾಂಡಕೊರಕ ಆಗಲೂ ಇತ್ತು, ಈಗಲೂ ಇದೆ. ದೊರೆಗಳು ಹೋದರು, ಅದು ಮಾತ್ರ ಹೋಗಲಿಲ್ಲ.) ಅಂಥವರ ಮರಿಮಕ್ಕಳಿಗೆ ಹುಡುಕಾಟ ಏನು ಕಷ್ಟ ಹೇಳಿ?

ಆದರೆ ಆ ಕಾಡು ಕಡಿದವರು, ಗುಂಡಿ ತೆಗೆದವರು, ಗಿಡ ನೆಟ್ಟವರು ಯಾರು? ಅವರ ಮರಿಮಕ್ಕಳೂ ಇದೇ ಸಭೆಯಲ್ಲಿ ಕೂತಿದ್ದಾರೆ. ಘಟ್ಟದ ಕೆಳಗಿನಿಂದ ಮೇಸ್ತ್ರಿ ಕೈಯಲ್ಲಿ ಮುಂಗಡ ಇಸಕೊಂಡು, ಚಾರ್ಮಾಡಿ ಹತ್ತಿ ಬಂದವರ ಮಕ್ಕಳು. ಆ ಮುಂಗಡ ಸಾಮಾನ್ಯದ್ದಲ್ಲ. ಬ್ರಿಟಿಷರ 1859ರ 13ನೇ ಕಾಯ್ದೆ ಅಂತ ಒಂದಿತ್ತು. ಮುಂಗಡ ಪಡೆದು ಕೆಲಸ ಬಿಟ್ಟು ಹೋದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ದುಡ್ಡು ಕಟ್ಟು ಇಲ್ಲವೇ ಕೆಲಸ ಮಾಡು ಅನ್ನುವುದು. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಜೈಲು. ಬ್ರಿಟಿಷ್ ಇಂಡಿಯಾದಲ್ಲಿ 1926ರವರೆಗೂ ಅದು ನಡೆಯಿತು. ಹಾಗಾಗಿ ಆ ಅಜ್ಜಂದಿರ ಹೆಸರು ಸಿಕ್ಕಿದರೆ ಒಂದೋ ರೈಟರು ಬರೆದ ಚೆಕ್‌ರೋಲಿನಲ್ಲಿ ಸಿಗಬೇಕು, ಇಲ್ಲ ಕೋರ್ಟಿನ ಕಾಗದದಲ್ಲಿ. ಚೆಕ್‌ರೋಲಿಗೆ ಎಷ್ಟು ಕಡೆ ಗೆದ್ದಲು ಹಿಡಿದಿದೆ, ಎಷ್ಟು ಬಚ್ಚಲೊಲೆಗೆ ಹೋಗಿದೆ ನಿಮಗೇ ಗೊತ್ತು.

ಗೌಡರ ಮನೆಯವರು ನಗಬೇಡಿ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ನಮಗೆ ಎಷ್ಟು ತಲೆ ಹೆಸರು ಬರ್ತದೆ? ತಂದೆ, ಅಜ್ಜ, ಮುತ್ತಜ್ಜ. ಅಲ್ಲಿಗೆ ನಿಂತಿತು. ಹೆಣ್ಣುಮಕ್ಕಳ ಹೆಸರಂತೂ ಅಜ್ಜಿಯಿಂದ ಆಚೆಗೆ ಇಲ್ಲವೇ ಇಲ್ಲ. ಜಮೀನು ಇದ್ದವರಿಗೆ ಒಂದು ಅನುಕೂಲ ಉಂಟು. ಮೈಸೂರು ಸಂಸ್ಥಾನದಲ್ಲಿ 1863ರಿಂದ ಸರ್ವೆ ಶುರುವಾಯಿತು. ತಾಲ್ಲೂಕು ಕಚೇರಿ ರೆಕಾರ್ಡ್ ರೂಮಿನ ಹಳೇ ಪಹಣಿ, ಖಾತೆ ಬದಲಾವಣೆ ಪುಸ್ತಕ, ಸಬ್‌ರಿಜಿಸ್ಟ್ರಾರ್ ಕಚೇರಿಯ ಕ್ರಯಪತ್ರ, ಅಡಮಾನ ಪತ್ರ ಇವುಗಳಲ್ಲಿ ಹಿಂದೆ ಹಿಂದೆ ಹೋಗಬಹುದು. 1942ರ ಕಾಫಿ ಕಾಯ್ದೆ ಬಂದ ಮೇಲೆ ತೋಟದ ಮಾಲೀಕರ ನೋಂದಣಿಯೂ ಇದೆ. ಬೆಂಗಳೂರಿಗೆ ಹೋದವರು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲೂ ಕೇಳಬಹುದು. ಆದರೆ ಹಳೇ ಕಾಗದದಲ್ಲಿ ಚಿಕ್ಕಮಗಳೂರು ಜಿಲ್ಲೆ ಅಂತ ಹುಡುಕಬೇಡಿ, ಸಿಗಲ್ಲ. ಆಗ ನಮ್ಮದು ಕಡೂರು ಜಿಲ್ಲೆ.

ಇದೆಲ್ಲ ಬರೀ ಶೋಕಿಗೆ ಅಂತ ತಿಳಿಯಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆ ನಿಮಗೆ ಗೊತ್ತಿರುವುದೇ. ಪರಿಶಿಷ್ಟ ಪಂಗಡದವರನ್ನು ಬಿಟ್ಟು ಉಳಿದವರು 2005ನೇ ಡಿಸೆಂಬರ್ 13ಕ್ಕಿಂತ ಹಿಂದೆ 75 ವರ್ಷ, ಅಂದರೆ 1930ರಿಂದ, ಅಲ್ಲೇ ನೆಲೆಸಿದ್ದಕ್ಕೆ ಪುರಾವೆ ತೋರಿಸಬೇಕು. ಮುತ್ತಜ್ಜ ಕಾಡಿನ ಅಂಚಿನಲ್ಲಿ ಗುಡಿಸಲು ಹಾಕಿದ್ದು ಊರಿಗೆಲ್ಲ ಗೊತ್ತು, ಕಾಗದ ಮಾತ್ರ ಇಲ್ಲ. ಅರ್ಜಿ ವಾಪಸ್ ಬಂದಾಗ ಆ ಮನೆಯವರ ಮುಖ ನೋಡಲಾಗುವುದಿಲ್ಲ.

ಆದರೆ ಆ ಕಾಯ್ದೆಯ ನಿಯಮ ಒಮ್ಮೆ ಓದಿ. ಕಾಗದ ಒಂದೇ ಪುರಾವೆ ಅಂತ ಅಲ್ಲಿಲ್ಲ. ಹಳೇ ಬಾವಿ, ಮಣ್ಣು ಮಾಡಿದ ಜಾಗ, ದೇವರ ಬನ, ಹಳೇ ದಾಖಲೆಯಲ್ಲಿರುವವರಿಂದ ಇಳಿದು ಬಂದ ವಂಶಾವಳಿ, ಅರ್ಜಿದಾರರಲ್ಲದ ಹಿರಿಯರು ಹೇಳಿ ಬರೆಸಿದ ಹೇಳಿಕೆ ಇವೂ ನಡೆಯುತ್ತವೆ. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಬೇಕು, ಅಷ್ಟೇ. ಈ ಹೊತ್ತಿಗೆ ಎಂಬತ್ತು ತೊಂಬತ್ತು ದಾಟಿದವರು ನಮ್ಮಲ್ಲಿ ಕೆಲವರೇ ಉಳಿದಿದ್ದಾರೆ. ಅವರು ಚಿಕ್ಕಂದಿನಲ್ಲಿ ಕೇಳಿದ್ದೇ ನಮಗೆ 1930ರ ಸುದ್ದಿ. ಇನ್ನು ಎರಡು ಮಳೆಗಾಲ ಕಾದರೆ ಕೇಳಲಿಕ್ಕೆ ಯಾರಿರ್ತಾರೆ?

ಆದ್ದರಿಂದ ಆಡಳಿತ ಮಂಡಳಿ ಒಂದು ತೀರ್ಮಾನ ಮಾಡಿದೆ. ಸಂಘದ ಕಚೇರಿಯಲ್ಲಿ ದಪ್ಪ ರಟ್ಟಿನ ಒಂದು ಪುಸ್ತಕ ಇಡುತ್ತೇವೆ. ಮನೆಗೆ ನಾಲ್ಕು ಹಾಳೆ. ಗೊತ್ತಿರುವ ಹಿರಿಯರ ಹೆಸರು, ಹೆಂಗಸರದ್ದೂ ಸೇರಿಸಿ, ಯಾವ ಊರಿಂದ ಬಂದರು, ಯಾವ ತೋಟದಲ್ಲಿ ದುಡಿದರು, ಎಲ್ಲಿ ಮಣ್ಣಾದರು ಅಷ್ಟು ಬರೆಸಿ. ಬರೆಯಲು ಬಾರದವರಿಗೆ ನಮ್ಮ ಗುಮಾಸ್ತರು ಬರೆದು ಕೊಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಮನೆಯಲ್ಲಿ ಹಳೇ ಚೆಕ್‌ರೋಲು, ಕಂದಾಯ ರಸೀದಿ, ಶಾಲೆಯ ಸರ್ಟಿಫಿಕೇಟು ಇದ್ದರೆ ತನ್ನಿ. ಜೆರಾಕ್ಸ್ ತೆಗೆದು ಮೂಲ ಪ್ರತಿಯನ್ನು ಅಲ್ಲೇ ವಾಪಸ್ ಕೊಡುತ್ತೇವೆ. ಸಂಘದವರಿಗೆ ಇಂಥವರು ಮೇಲು, ಇಂಥವರು ಕೆಳಗೆ ಅಂತ ಬರೆಯುವ ಅಧಿಕಾರ ಇಲ್ಲ. ಬಂದ ಕ್ರಮದಲ್ಲೇ ನಂಬರು.

ತೋಟದವರಲ್ಲಿ ಇನ್ನೊಂದು ವಿನಂತಿ. ಜೆಸಿಬಿ ತಂದು ಮೂಲೆ ಸಮ ಮಾಡಿಸುವಾಗ ಹಳೇ ಲೈನ್ ಮನೆಯ ಪಂಚಾಂಗ, ಸಮಾಧಿ ಕಲ್ಲು, ಭೂತದ ಕಟ್ಟೆ ಕಂಡರೆ ಡ್ರೈವರಿಗೆ ನಿಲ್ಲಿಸಲು ಹೇಳಿ, ಮೊದಲು ಒಂದು ಫೋಟೋ ತೆಗೆದುಕೊಳ್ಳಿ. ಅದು ಯಾರದೋ ಮನೆಯ ಪುರಾವೆ ಆಗಿರಬಹುದು.

ಪುಸ್ತಕ ಸೋಮವಾರದಿಂದ ಇರುತ್ತದೆ. ಸಂತೆಯ ದಿನ ಮಾತ್ರ ಬರಬೇಡಿ, ಗುಮಾಸ್ತರಿಗೆ ಅವತ್ತು ಗೊಬ್ಬರದ ಬಿಲ್ಲಿನ ಕೆಲಸ ಜಾಸ್ತಿ.