ಮೇಲಿನ ಮಣ್ಣು, ಕೆಳಗಿನ ಹಸಿರು ನೀರು

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನಾನು ರಾಯಚೂರು ಜಿಲ್ಲೆಯ ಮಾನ್ವಿ ಕಡೆಯವನು. ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಬಳಿ ಜಲಾಶಯದಲ್ಲಿ ತಂಗಿ, ಅಲ್ಲಿಂದ 226 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯಲ್ಲಿ ನಮ್ಮತ್ತ ಬರುತ್ತವೆ. ನೀವು ಆ ನೀರಿನ ಮೊದಲಿನವರು, ನಾವು ಕೊನೆಯವರು. ಈ ನೆಂಟಸ್ತಿಕೆಯ ಬಲದಿಂದಲೇ ಇಂದು ನಿಮ್ಮೆದುರು ನಿಂತಿದ್ದೇನೆ.

ನಮ್ಮಲ್ಲಿ ಬೇಸಿಗೆ ಬಂತೆಂದರೆ ರೈತರ ಬಾಯಲ್ಲಿ ಒಂದೇ ಪ್ರಶ್ನೆ: ಮೈಲ್ 104ರಲ್ಲಿ ಗೇಜ್ ಎಷ್ಟಿದೆ? ಕಾಲುವೆಯ ಆ ಜಾಗದಲ್ಲಿ ಎಷ್ಟು ಅಡಿ ನೀರು ನಿಂತಿದೆಯೆಂಬುದರ ಮೇಲೆ ಮಾನ್ವಿ, ರಾಯಚೂರು ತಾಲ್ಲೂಕುಗಳ ಕೊನೆಯ ಹೊಲಗಳ ಹಣೆಬರಹ ನಿರ್ಧಾರವಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ನಾಡಿಗೆ ನಾಡೇ ಎಷ್ಟು ಟಿಎಂಸಿ ಹೋಯಿತೆಂದು ಲೆಕ್ಕ ಹಾಕಿತು. ನೀರು ಎಷ್ಟು ಎಂದು ಕೇಳುವುದು ನಮಗೆ ರೂಢಿಯಾಗಿದೆ. ಎಂಥ ನೀರು ಎಂದು ಕೇಳುವವರು ವಿರಳ. ಆದರೆ ಒಳಹರಿವು ತಗ್ಗಿದ ತಿಂಗಳುಗಳಲ್ಲಿ ಜಲಾಶಯದ ನೀರು ಹಸಿರು ಬಣ್ಣಕ್ಕೆ ತಿರುಗುವುದನ್ನು ಕೊಪ್ಪಳ, ಹೊಸಪೇಟೆಯ ದಡದ ಜನ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕಂಡಿದ್ದಾರೆ.

ಈ ಹಸಿರು ಪಾಚಿಯದು. ಪಾಚಿಗೆ ಬಿಸಿಲು, ಇಂಗಾಲ, ಸಾರಜನಕ, ರಂಜಕ ಎಲ್ಲವೂ ಬೇಕು. ಇವುಗಳಲ್ಲಿ ಯಾವುದನ್ನು ಹಿಡಿದಿಟ್ಟರೆ ಪಾಚಿ ಕಟ್ಟಿಹಾಕಿದಂತಾಗುತ್ತದೆ? 1973ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 226 ಎಂಬ ಸಂಖ್ಯೆಯ ಸರೋವರವೊಂದನ್ನು ಪರದೆ ಹಾಕಿ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಇಂಗಾಲ ಮತ್ತು ಸಾರಜನಕ, ಇನ್ನೊಂದಕ್ಕೆ ಅವೆರಡರ ಜೊತೆಗೆ ರಂಜಕವನ್ನೂ ಬೆರೆಸಿದರು. ರಂಜಕ ಬಿದ್ದ ಪಾಲು ಹಸಿರಾಯಿತು, ಮತ್ತೊಂದು ತಿಳಿಯಾಗಿಯೇ ಉಳಿಯಿತು. ಆಕಾಶದಿಂದ ತೆಗೆದ ಆ ಸರೋವರದ ಚಿತ್ರ ಜಗತ್ತಿನ ಪಠ್ಯಪುಸ್ತಕಗಳನ್ನು ಸೇರಿದೆ. ಸಾರಜನಕ ಗಾಳಿಯಲ್ಲೇ ಹೇರಳವಾಗಿದ್ದು, ನೀಲಿ-ಹಸಿರು ಪಾಚಿಯ ಹಲವು ಜಾತಿಗಳು ಅದನ್ನು ತಾವೇ ಹೀರಿಕೊಳ್ಳಬಲ್ಲವು. ರಂಜಕಕ್ಕೆ ಆ ದಾರಿಯಿಲ್ಲ. ಅದು ಮಣ್ಣಿನಿಂದ, ಮಲಮೂತ್ರದಿಂದ, ಗೊಬ್ಬರದಿಂದ, ಸೋಪಿನ ಪುಡಿಯಿಂದಲೇ ಬರಬೇಕು. ಎಂದರೆ ಮನುಷ್ಯರು ತಡೆಯಬಹುದಾದ ದಾರಿಗಳಿಂದ.

ಎಷ್ಟು ರಂಜಕ ಸಾಕು? ಲೀಟರ್ ನೀರಿನಲ್ಲಿ 0.03 ಮಿಲಿಗ್ರಾಮ್ ದಾಟಿದರೆ ನಿಂತ ನೀರು ಪಾಚಿಗಟ್ಟುವ ಹಾದಿ ಹಿಡಿಯುತ್ತದೆ. ಇದನ್ನು ಗೊಬ್ಬರದ ಚೀಲಕ್ಕೆ ಹೋಲಿಸಿ ನೋಡೋಣ. 50 ಕಿಲೋ ಡಿಎಪಿ ಚೀಲದ ಮೇಲೆ 18-46-0 ಎಂದು ಬರೆದಿರುತ್ತದೆ. ಆ 46ರ ಲೆಕ್ಕವನ್ನು ಶುದ್ಧ ರಂಜಕಕ್ಕೆ ಇಳಿಸಿದರೆ ಚೀಲವೊಂದರಲ್ಲಿ ಸುಮಾರು 10 ಕಿಲೋ. ಆ 10 ಕಿಲೋ ಪೂರ್ತಿ ನೀರು ಸೇರಿತೆಂದು ಇಟ್ಟುಕೊಂಡರೆ 33 ಕೋಟಿ ಲೀಟರ್ ನೀರನ್ನು ಈ ಮಿತಿಗೆ ತಂದು ನಿಲ್ಲಿಸಬಲ್ಲದು. ಪೂರ್ತಿ ಸೇರುವುದಿಲ್ಲ ನಿಜ. ಆದರೆ ನೂರರಲ್ಲಿ ಎರಡು ಪಾಲು ಜಾರಿದರೂ ರೈತನಿಗೆ ಅದು ನಷ್ಟವೆಂದೇ ತೋರುವುದಿಲ್ಲ, ಕೆರೆಗೆ ಮಾತ್ರ ಅದೇ ದೊಡ್ಡದು. ಈ ವಿಷಯದ ಕಷ್ಟವೆಲ್ಲ ಇಲ್ಲಿದೆ.

ಈಗ ನಿಮ್ಮ ಕಡೆಯ ಮಾತು. ಮಲೆನಾಡಿನ ಕೆಂಪು ಮಣ್ಣಿನಲ್ಲಿ ಕಬ್ಬಿಣ ಹೆಚ್ಚು. ಆ ಕಬ್ಬಿಣವು ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮಣ್ಣು ಗುಡ್ಡದ ಮೇಲಿರುವವರೆಗೆ ಇದು ವರ. ಕಾಡು ಕಡಿದು, ಇಳಿಜಾರಿನಲ್ಲಿ ಶುಂಠಿಗೆಂದು ನೆಲವನ್ನು ಸಡಿಲಗೊಳಿಸಿದ ಮೇಲೆ ಆಷಾಢದ ಮಳೆಗೆ ಅದೇ ಮಣ್ಣು ಹಳ್ಳ ಸೇರಿ, ಹೊಳೆ ಸೇರಿ, ಜಲಾಶಯದ ತಳದಲ್ಲಿ ಕೂರುತ್ತದೆ. 1953ರಲ್ಲಿ 133 ಟಿಎಂಸಿ ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ 2016ರ ಸಮೀಕ್ಷೆಯ ವೇಳೆಗೆ 105.788 ಟಿಎಂಸಿಗೆ ಇಳಿದಿತ್ತು. ಹೂಳಿನಿಂದ ಸುಮಾರು 27 ಟಿಎಂಸಿ ಜಾಗ ಹೋಯಿತೆಂದು ಎಲ್ಲರೂ ಕೊರಗುತ್ತಾರೆ. ನವಲಿಯಲ್ಲಿ ಸಮತೋಲನ ಜಲಾಶಯದ ಪ್ರಸ್ತಾವ ಬಂದದ್ದೂ ಆ ಕಾರಣಕ್ಕೇ. ಹೂಳೆಂಬುದು ಜಾಗ ತಿನ್ನುವ ಮಣ್ಣಷ್ಟೇ ಆಗಿರದೆ ರಂಜಕದ ಕಣಜವೂ ಆಗಿದೆ ಎಂಬ ಮಾತು ಮಾತ್ರ ಸಭೆಗಳಲ್ಲಿ ಕೇಳಿಬರುವುದಿಲ್ಲ. ಬೇಸಿಗೆಯಲ್ಲಿ ತಳದ ನೀರಿನ ಆಮ್ಲಜನಕ ಮುಗಿದಾಗ ಕಬ್ಬಿಣದ ಹಿಡಿತ ಸಡಿಲಗೊಂಡು ರಂಜಕ ಮತ್ತೆ ನೀರಿಗೆ ಕರಗುತ್ತದೆ. ಇಂದು ಹೊಸ ರಂಜಕ ಪೂರ್ತಿ ನಿಂತರೂ ತಳದ ಹಳೆಯ ಸಾಲ ತೀರಲು ವರ್ಷಗಳೇ ಬೇಕು. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿದ್ದು ನಿಮ್ಮ ಹೋರಾಟದ ಫಲ. ಭದ್ರೆಗೆ ಇಳಿಯುತ್ತಿದ್ದ ಆ ಮಣ್ಣು ತಡೆದದ್ದಕ್ಕೆ ನಮ್ಮ ಕಡೆಯವರು ನಿಮಗೆ ಋಣಿಗಳು, ಅದು ಅವರಿಗೆ ಗೊತ್ತಿಲ್ಲದಿದ್ದರೂ.

ಗುಡ್ಡದ ಕೆಳಗೆ ಶಿವಮೊಗ್ಗ, ಭದ್ರಾವತಿ, ಹರಿಹರಗಳ ಚರಂಡಿ ನೀರು ಕೂಡುತ್ತದೆ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊರಟ ನಿರ್ಮಲ ತುಂಗಭದ್ರಾ ಅಭಿಯಾನದ ಪಾದಯಾತ್ರಿಗಳು ಊರೂರಿನಲ್ಲಿ ಹೇಳಿದ್ದೂ ಇದನ್ನೇ. ಒಬ್ಬ ಮನುಷ್ಯನ ಮಲಮೂತ್ರದಲ್ಲಿ ದಿನಕ್ಕೆ ಸುಮಾರು ಒಂದೂವರೆ ಗ್ರಾಮ್ ರಂಜಕ ಹೊರಬೀಳುತ್ತದೆ. ಇನ್ನೊಬ್ಬರ ಊರನ್ನು ದೂರುವ ಮೊದಲು ನಮ್ಮ ಲೆಕ್ಕವನ್ನೇ ಒಪ್ಪಿಸುತ್ತೇನೆ. 2011ರ ಜನಗಣತಿಯಲ್ಲಿ ರಾಯಚೂರು ನಗರದ ಜನಸಂಖ್ಯೆ ಎರಡೂಕಾಲು ಲಕ್ಷ ದಾಟಿತ್ತು. ಗುಣಿಸಿದರೆ ದಿನಕ್ಕೆ ಮುನ್ನೂರು ಕಿಲೋಗೂ ಮಿಕ್ಕ ರಂಜಕ! ಡಿಎಪಿ ಲೆಕ್ಕದಲ್ಲಿ ನಿತ್ಯವೂ ಮೂವತ್ತು ಚೀಲ. ಕೋಟೆಯ ಬುಡದ ಮಾವಿನ ಕೆರೆಯನ್ನು, ನಮ್ಮವರು ಆಮ್ ತಲಾಬ್ ಎನ್ನುವ ಕೆರೆಯನ್ನು, ನೋಡಿದವರಿಗೆ ಊರಿನ ಕೊಳಚೆ ಸೇರಿದ ನೀರಿನ ಗತಿ ಏನೆಂದು ವಿವರಿಸಬೇಕಿಲ್ಲ. ಕೊಳಚೆ ಶುದ್ಧೀಕರಣ ಘಟಕ ಕಟ್ಟಿದ ಮಾತ್ರಕ್ಕೆ ಈ ರಂಜಕ ಹೋಗುವುದೂ ಇಲ್ಲ. ಸಾಮಾನ್ಯ ಘಟಕ ದುರ್ವಾಸನೆಯನ್ನೂ ಕಲ್ಮಷವನ್ನೂ ತೆಗೆಯುತ್ತದೆ. ರಂಜಕ ತೆಗೆಯಲು ಪಟಿಕವನ್ನೋ ಸುಣ್ಣವನ್ನೋ ಬೆರೆಸಿ ಕೆಳಗಿಳಿಸುವ ಇನ್ನೊಂದು ಹಂತ ಬೇಕು. ಅಥವಾ ಆ ನೀರನ್ನು ಹೊಳೆಗೆ ಬಿಡದೆ ಮೇವಿನ ಬೆಳೆಗೆ, ಮರಗಳಿಗೆ ಹರಿಸಬೇಕು. ನನ್ನ ಮಟ್ಟಿಗೆ ನಮ್ಮಂಥ ಬರದ ಜಿಲ್ಲೆಗೆ ಎರಡನೆಯದೇ ಲೇಸು.

ಹೊಲಗಳ ಸರದಿ. ನಮ್ಮ ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಹಾಕಿದ ರಂಜಕ ಸುಣ್ಣದೊಡನೆ ಕೂಡಿ ಗಟ್ಟಿಯಾಗಿ, ಬೆಳೆಗೆ ಸಿಗುವುದು ಸ್ವಲ್ಪವೇ. ಆದ್ದರಿಂದ ರೈತ ಮರುವರ್ಷ ಮತ್ತೊಂದು ಚೀಲ ಸುರಿಯುತ್ತಾನೆ. ಮಿತ ನೀರಿನ ಬೆಳೆಗಳಿಗೆಂದು ಯೋಜಿಸಿದ ಎಡದಂಡೆಯ ಅಚ್ಚುಕಟ್ಟಿನಲ್ಲಿ ಭತ್ತ ಹರಡಿತು. ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ಜೋಳ, ತೊಗರಿಯ ದೇವದುರ್ಗದಲ್ಲೂ ಗದ್ದೆಗಳು ಎದ್ದವು. ನಿಂತ ನೀರಿನ ಮೇಲೆ ಡಿಎಪಿ ಎರಚಿ, ಎರಡೇ ದಿನಕ್ಕೆ ಬದು ಒಡೆದು ನೀರು ಬಿಟ್ಟರೆ ಆ ಗೊಬ್ಬರ ಪಕ್ಕದ ಹಳ್ಳದ್ದು. ನಾಟಿಗೆ ಮುನ್ನ ಮಣ್ಣಿನೊಳಗೆ ಬೆರೆಸುವುದು, ಗೊಬ್ಬರ ಹಾಕಿದ ಮೇಲೆ ವಾರವಾದರೂ ನೀರು ಹೊರಬಿಡದಿರುವುದು, ಮಣ್ಣು ಪರೀಕ್ಷೆಯಲ್ಲಿ ರಂಜಕ ಸಾಕಷ್ಟಿದ್ದರೆ ಆ ವರ್ಷ ಚೀಲ ತರದೆ ರಂಜಕ ಕರಗಿಸುವ ಜೀವಾಣು ಗೊಬ್ಬರ ಬಳಸುವುದು, ಹಳ್ಳದಂಚಿನಲ್ಲಿ ನಾಲ್ಕು ಮಾರು ಹುಲ್ಲು ಬಿಡುವುದು, ಇವು ರೈತನ ಜೇಬಿಗೂ ಲಾಭ. ನಿಮ್ಮ ಅಡಿಕೆ ತೋಟಗಳಿಗೂ ಮಾತು ಬೇರೆಯಲ್ಲ. ಕೊಟ್ಟಿಗೆ ಗೊಬ್ಬರವೂ ಹದ ಮೀರಿದರೆ, ಜೋರು ಮಳೆಯ ಮುನ್ನ ಹಾಕಿದರೆ, ಬಸಿಗಾಲುವೆಯಲ್ಲಿ ಹೊಳೆಗೇ ಹೋಗುತ್ತದೆ. ಸಾವಯವ ಎಂಬ ಹೆಸರಿಗೆ ಪಾಚಿ ರಿಯಾಯಿತಿ ಕೊಡುವುದಿಲ್ಲ.

ಒಂದು ಕಡೆ ಮಾತ್ರ ತಡೆದರೆ ಏನಾಗುತ್ತದೆಂಬುದಕ್ಕೆ ಅಮೆರಿಕ ಮತ್ತು ಕೆನಡಾ ನಡುವಿನ ಈರಿ ಸರೋವರವನ್ನು ನೋಡಬೇಕು. 1972ರಲ್ಲಿ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡು ಊರುಗಳ ಕೊಳಚೆಯ ರಂಜಕವನ್ನೂ ಸೋಪಿನ ಪುಡಿಯ ರಂಜಕವನ್ನೂ ಇಳಿಸಿದವು. ಸರೋವರ ಚೇತರಿಸಿಕೊಂಡಿತು. ಹೊಲಗಳಿಂದ ಹರಿಯುವ ರಂಜಕಕ್ಕೆ ಅಂಥ ಕಡಿವಾಣ ಬೀಳಲಿಲ್ಲ. 1990ರ ದಶಕದ ನಡುವಿನಿಂದ ಪಾಚಿ ಮರಳಿತು. 2014ರ ಆಗಸ್ಟ್‌ನಲ್ಲಿ ಟೊಲೆಡೊ ನಗರದ ನಲ್ಲಿ ನೀರಿನಲ್ಲಿ ಪಾಚಿಯ ವಿಷ ಕಾಣಿಸಿಕೊಂಡು, ಸುಮಾರು ಐದು ಲಕ್ಷ ಜನ ಎರಡು ಮೂರು ದಿನ ನಲ್ಲಿ ನೀರು ಕುಡಿಯುವಂತಿರಲಿಲ್ಲ.

ಆ ಸುದ್ದಿ ಓದುವಾಗ ನನಗೆ ನೆನಪಾದದ್ದು ನಮ್ಮ ಹಳ್ಳಿಗಳ ಕುಡಿಯುವ ನೀರಿನ ಕೆರೆಗಳು. ಬೇಸಿಗೆಯಲ್ಲಿ ಕಾಲುವೆ ನಿಲ್ಲುವ ಮುನ್ನ ಇವುಗಳನ್ನು ತುಂಬಿಸಿಕೊಂಡು, ಮತ್ತೆ ಕಾಲುವೆಗೆ ನೀರು ಬರುವವರೆಗೆ ತಿಂಗಳುಗಟ್ಟಲೆ ಅದನ್ನೇ ಕುಡಿಯುತ್ತೇವೆ. ನಿಂತ ನೀರು, ಉರಿ ಬಿಸಿಲು, ಕಾಲುವೆಯೊಡನೆ ಬಂದ ರಂಜಕ. ಎಲ್ಲ ಪಾಚಿಯೂ ವಿಷವಲ್ಲ. ಆದರೆ ನೀಲಿ-ಹಸಿರು ಪಾಚಿಯ ಕೆಲವು ಜಾತಿಗಳ ವಿಷ ನೀರನ್ನು ಕುದಿಸಿದರೂ ಹೋಗುವುದಿಲ್ಲ. ಕುದಿಸಿದಾಗ ಕೋಶ ಒಡೆದು ಇನ್ನಷ್ಟು ಬಿಡುಗಡೆಯಾಗಬಹುದು. ಬಣ್ಣ ಬಳಿದಂತೆ ಕೆನೆಗಟ್ಟಿದ ನೀರನ್ನು ದನಕರುಗಳಿಗೂ ಕುಡಿಸಬಾರದು. 2022ರ ಮೇ-ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಹಲವರು ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಅದು ಪಾಚಿಯಿಂದಾದ ಅನಾಹುತವೆಂದು ನಾನು ಹೇಳುತ್ತಿಲ್ಲ. ಮಾಮೂಲಿ ಕೊಳೆಯನ್ನೇ ಸೋಸಲಾಗದ ವ್ಯವಸ್ಥೆಯ ಕೈಗೆ ಇನ್ನೂ ಸೂಕ್ಷ್ಮವಾದ ವಿಷವನ್ನು ಒಪ್ಪಿಸಿ ನಿಶ್ಚಿಂತೆಯಿಂದ ಇರಲಾಗದು ಎಂಬುದಷ್ಟೇ ನನ್ನ ಮಾತು.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ, ಹಣ ಬೇಡದ ಕೆಲಸ. 20 ಸೆಂಟಿಮೀಟರ್ ಅಗಲದ ದುಂಡು ತಟ್ಟೆಗೆ ನಾಲ್ಕು ಪಾಲಾಗಿ ಕಪ್ಪು-ಬಿಳಿ ಬಣ್ಣ ಬಳಿಯಿರಿ. ನಡುವೆ ಭಾರ ಕಟ್ಟಿ, ಗುರುತು ಹಾಕಿದ ಹಗ್ಗದಿಂದ ನೆರಳಿರುವ ಕಡೆ ನೀರಿಗಿಳಿಸಿ. ತಟ್ಟೆ ಕಣ್ಮರೆಯಾಗುವ ಆಳವನ್ನು ಬರೆದಿಡಿ. ಇದನ್ನು ಸೆಕ್ಕಿ ತಟ್ಟೆ ಎನ್ನುತ್ತಾರೆ, 1865ರಿಂದ ಬಳಕೆಯಲ್ಲಿದೆ. ನೀರು ಕದಡಿದ್ದು ಮಣ್ಣಿನಿಂದಲೋ ಪಾಚಿಯಿಂದಲೋ ಎಂಬುದನ್ನು ಬಣ್ಣ ನೋಡಿ ಪಕ್ಕದಲ್ಲಿ ಬರೆಯಿರಿ. ತುಂಗೆಯ ಮಡುವಿನಲ್ಲಿ, ಭದ್ರಾ ಜಲಾಶಯದ ಹಿನ್ನೀರಿನಲ್ಲಿ ನೀವು ತಿಂಗಳಿಗೊಮ್ಮೆ ಅಳೆಯಿರಿ. ಮಾನ್ವಿ, ದೇವದುರ್ಗದ ಕುಡಿಯುವ ನೀರಿನ ಕೆರೆಗಳಲ್ಲಿ ಅದೇ ವಾರ ಅಳೆಸುವ ಹೊಣೆ ನಮ್ಮದು. ಎರಡೂ ಕಡೆಯ ಪಟ್ಟಿಗಳನ್ನು ಈ ಪತ್ರಿಕೆಯಲ್ಲಿ ಅಕ್ಕಪಕ್ಕ ಅಚ್ಚು ಹಾಕಬೇಕೆಂದು ಸಂಪಾದಕರಲ್ಲಿ ಕೇಳಿಕೊಂಡಿದ್ದೇನೆ.