ಫೋನಿನಲ್ಲಿ ‘ನಾನು’ ಎನ್ನುವವನು ಯಾರು?

(ಜುಮಾ ಪ್ರವಚನದ ಸಾರಾಂಶ)



ಹಝ್ರತ್ ಜಾಬಿರ್(ರ) ಒಮ್ಮೆ ಪ್ರವಾದಿ(ಸ)ರ ಮನೆಗೆ ಹೋಗಿ ಬಾಗಿಲು ತಟ್ಟಿದರು. ಒಳಗಿನಿಂದ ಯಾರೆಂದು ಕೇಳಿದ ಪ್ರವಾದಿ(ಸ)ರಿಗೆ ‘ನಾನು’ ಎಂದಷ್ಟೇ ಉತ್ತರಿಸಿದರು. ಆ ಉತ್ತರ ಪ್ರವಾದಿ(ಸ)ರಿಗೆ ಹಿಡಿಸಲಿಲ್ಲ. ನಾನು, ನಾನು ಎಂದು ಅದೇ ಮಾತನ್ನು ಎರಡು ಸಲ ಹೇಳಿ ತಮ್ಮ ಅಸಮಾಧಾನ ತೋರಿಸಿದರು. ಬುಖಾರಿಯಲ್ಲಿರುವ ಈ ಘಟನೆಯನ್ನು ಮದ್ರಸಾದಲ್ಲಿ ಓದುವಾಗ ಇದು ಬರೀ ಶಿಷ್ಟಾಚಾರದ ಪಾಠ ಎಂದುಕೊಂಡಿದ್ದೆ. ಕಳೆದ ವರ್ಷ ನಮ್ಮ ಜಮಾಅತಿನ ಒಬ್ಬ ತಾಯಿ ನನ್ನ ಮುಂದೆ ಕೂತು ಅತ್ತಾಗ ಅದರ ಇನ್ನೊಂದು ಅರ್ಥ ತಿಳಿಯಿತು.

ಆಕೆಯ ಮಗ ಕೊಲ್ಲಿಯಲ್ಲಿ ದುಡಿಯುತ್ತಾನೆ. ಮನೆಯಲ್ಲಿ ಎರಡು ಮಗ್ಗ, ಮದುವೆಗೆ ಬಂದ ಮಗಳು. ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಮಗನ ಹೆಸರೇ ಬಂತು. ಎತ್ತಿದರೆ ಅಳು, ಗದ್ದಲ. ಆಮೇಲೆ ಬೇರೊಬ್ಬ ಮಾತಾಡಿ, ನಿಮ್ಮ ಮಗ ಪೊಲೀಸರ ಕೈಯಲ್ಲಿದ್ದಾನೆ, ಈಗಲೇ ಹಣ ಹಾಕಿದರೆ ಬಿಡಿಸುತ್ತೇವೆ, ಯಾರಿಗೂ ಹೇಳಬೇಡಿ, ಫೋನ್ ಇಡಬೇಡಿ ಎಂದ. ಭಿಶಿಯ 40,000 ರೂಪಾಯಿ ಹೋಯಿತು. ರಾತ್ರಿ ಮಗನೇ ಫೋನ್ ಮಾಡಿದಾಗ ಅವನಿಗೆ ಏನೂ ಗೊತ್ತಿಲ್ಲ.

“ಮೌಲಾನಾ, ನಂಬರ್ ಅವಂದೇ ಇತ್ತರಿ. ಹೆಸರೂ ಬಂದಿತ್ತು. ತಾಯಿ ಆದಾಕಿ ಹೆಂಗ ನಂಬಬಾರದಾಗಿತ್ತು ಹೇಳ್ರಿ” ಎಂದರು.

ಆಕೆಯ ಪ್ರಶ್ನೆಯಲ್ಲಿ ತಪ್ಪಿಲ್ಲ. ನಮಗೆಲ್ಲ ಪರದೆಯ ಮೇಲೆ ಬಂದ ನಂಬರ್ ಎಂದರೆ ಮೊಹರು ಇದ್ದಂತೆ. ಆದರೆ ಅದು ಮೊಹರಲ್ಲ, ಲಕೋಟೆಯ ಮೇಲೆ ‘ಇಂದ’ ಎಂದು ಬರೆದ ವಿಳಾಸ. ಬನಹಟ್ಟಿಯಲ್ಲಿ ಕೂತು ಲಕೋಟೆಯ ಮೇಲೆ ಬೆಂಗಳೂರಿನ ವಿಳಾಸ ಬರೆದರೆ ಅಂಚೆಯವನು ತಡೆಯುತ್ತಾನೆಯೇ? ಇಂಟರ್ನೆಟ್ ಮೂಲಕ ಮಾಡುವ ಕರೆಯಲ್ಲಿ, ತೋರಿಸಬೇಕಾದ ನಂಬರನ್ನು ಕರೆ ಮಾಡುವವನ ಕಡೆಯಿಂದಲೇ ತುಂಬಿಸಲು ದಾರಿಯಿದೆ. ಆ ನಂಬರ್ ನಿಮ್ಮ ಮೊಬೈಲಿನಲ್ಲಿ ‘ಮಗ’ ಎಂದು ಸೇವ್ ಆಗಿದ್ದರೆ ಮೊಬೈಲ್ ಪಾಪ ‘ಮಗ’ ಎಂದೇ ತೋರಿಸುತ್ತದೆ.

ಸರ್ಕಾರ ಸುಮ್ಮನೆ ಕೂತಿಲ್ಲ. ವಿದೇಶದಿಂದ ಹೊರಟು ಭಾರತದ ನಂಬರ್ ತೋರಿಸುವ ಸುಳ್ಳು ಕರೆಗಳನ್ನು ತಡೆಯುವ ಜರಡಿಯನ್ನು 2024ರ ಅಕ್ಟೋಬರಿನಲ್ಲಿ ಹಾಕಿದರು. ಮೊದಲ 24 ಗಂಟೆಯಲ್ಲೇ ಸುಮಾರು 1.35 ಕೋಟಿ ಕರೆಗಳು ಅದರಲ್ಲಿ ಸಿಕ್ಕಿದವು. ಆದರೆ ಆ ಜರಡಿ ಇರುವುದು ನಮ್ಮ ದೇಶದ ನಂಬರುಗಳಿಗೆ. ಕೊಲ್ಲಿಯಲ್ಲಿರುವ ಮಗನ ಅಲ್ಲಿಯ ನಂಬರಿಗೆ ಅದು ಕಾವಲಲ್ಲ. ವಾಟ್ಸಾಪಿನಲ್ಲಿ ಪೊಲೀಸ್ ಟೋಪಿಯ ಫೋಟೋ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಟ್ರೂಕಾಲರ್ ತೋರಿಸುವ ಹೆಸರೂ ಸರ್ಕಾರಿ ದಾಖಲೆಯಲ್ಲ.

ಪ್ರವಾದಿ(ಸ)ರು ರೋಮ್ ದೊರೆಗೆ ಪತ್ರ ಬರೆಯಲು ಹೊರಟಾಗ, ಮೊಹರಿಲ್ಲದ ಪತ್ರವನ್ನು ಅವರು ಓದುವುದಿಲ್ಲವೆಂದು ಸಂಗಾತಿಗಳು ತಿಳಿಸಿದರು. ಆಗ ಬೆಳ್ಳಿಯ ಉಂಗುರದಲ್ಲಿ ಮುದ್ರೆ ಕೆತ್ತಿಸಿಕೊಂಡರು. ಅದೇ ಕೆತ್ತನೆಯನ್ನು ಬೇರೆ ಯಾರೂ ಮಾಡಿಸಿಕೊಳ್ಳಬಾರದು ಎಂದೂ ಹೇಳಿದರು. ಇನ್ನೊಬ್ಬರ ಗುರುತನ್ನು ನಕಲು ಮಾಡುವ ಬಾಗಿಲನ್ನು ಅಂದೇ ಮುಚ್ಚಿದರು. ಇಂದು 2023ರ ದೂರಸಂಪರ್ಕ ಕಾಯಿದೆಯಲ್ಲಿ ಫೋನಿನ ಗುರುತು ತಿರುಚುವುದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡವಿದೆ. ಕಮಿಷನ್ನಿನ ಆಸೆಗೆ ಸ್ವಂತ ಹೆಸರಿನ ಸಿಮ್ ಅಥವಾ ಬ್ಯಾಂಕ್ ಖಾತೆಯನ್ನು ಪರರಿಗೆ ಕೊಡುವ ಹುಡುಗರು ಕೇಳಿಸಿಕೊಳ್ಳಿ: ಆ ತಾಯಿಯ 40,000 ಹೋಗಿದ್ದು ಇಂಥದೇ ಯಾವುದೋ ಹುಡುಗನ ಖಾತೆಗೆ. ಆ ಕಮಿಷನ್ ಹರಾಮ್.

ಹಾಗಾದರೆ ಮಾಡುವುದೇನು? ಸೂರಃ ಹುಜುರಾತ್‌ನ 6ನೇ ವಚನದಲ್ಲಿ ಅಲ್ಲಾಹನು, ದುಷ್ಕರ್ಮಿಯೊಬ್ಬ ಸುದ್ದಿ ತಂದರೆ ಅದನ್ನು ಪರಿಶೀಲಿಸಿರಿ, ಇಲ್ಲವಾದರೆ ಮಾಡಿದ್ದಕ್ಕೆ ಪಶ್ಚಾತ್ತಾಪ ಪಡಬೇಕಾದೀತು ಎಂದು ಎಚ್ಚರಿಸುತ್ತಾನೆ. ಫೋನಿನ ಮಟ್ಟಿಗೆ ಪರಿಶೀಲನೆ ಎಂದರೆ ಇಷ್ಟೇ: ಕಟ್ ಮಾಡಿ, ನೀವೇ ಡಯಲ್ ಮಾಡಿ. ಸುಳ್ಳು ನಂಬರ್ ತೋರಿಸಿದವನಿಗೆ ನಿಮ್ಮ ಮರುಕರೆ ಸಿಗುವುದಿಲ್ಲ, ಅದು ನಿಜವಾದ ಮಾಲೀಕನಿಗೇ ಹೋಗುತ್ತದೆ. ಬ್ಯಾಂಕ್ ಎಂದರೆ ಪಾಸ್‌ಬುಕ್ಕಿನಲ್ಲಿರುವ ನಂಬರಿಗೆ ಮಾಡಿ, ಪೊಲೀಸ್ ಎಂದರೆ ನಮ್ಮ ಊರಿನ ಠಾಣೆಗೇ ಹೋಗಿ. ಮಗ ಎತ್ತದಿದ್ದರೆ ಅವನ ಜೊತೆ ಕೋಣೆಯಲ್ಲಿರುವವನಿಗೆ ಮಾಡಿ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಇಟ್ಟುಕೊಳ್ಳಿ. ಅಜ್ಜಿ ನಿನ್ನನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿದರೂ ಸಾಕು.

ಕೇಳಿದರೆ ಬೇಜಾರಾದೀತು ಎಂಬ ಸಂಕೋಚ ಬೇಡ. ಅಬೂ ಮೂಸಾ(ರ)ರಂಥವರು ಒಂದು ಹದೀಸ್ ಹೇಳಿದಾಗ ಹಝ್ರತ್ ಉಮರ್(ರ) ಸಾಕ್ಷಿ ತರಲು ಹೇಳಿದರು. ಅವರು ಮುನಿಸಿಕೊಳ್ಳಲಿಲ್ಲ, ಹೋಗಿ ಸಾಕ್ಷಿ ಕರೆತಂದರು.

‘ಡಿಜಿಟಲ್ ಅರೆಸ್ಟ್’ ಎಂಬುದು ಈ ದೇಶದ ಕಾನೂನಿನಲ್ಲಿ ಇಲ್ಲವೇ ಇಲ್ಲ. 2024ರ ಅಕ್ಟೋಬರಿನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಕೇಳಿಸಿದ್ದು ನಮ್ಮ ಪಕ್ಕದ ವಿಜಯಪುರದವರೊಬ್ಬರು ದಾಖಲಿಸಿಕೊಂಡ ಇಂಥದೇ ಕರೆ. ಆದರೆ 2025ರ ಮಾರ್ಚ್‌ನಲ್ಲಿ ಖಾನಾಪುರ ತಾಲೂಕಿನ ಬೀಡಿ ಗ್ರಾಮದ ವೃದ್ಧ ದಂಪತಿ ಇಂಥ ವಂಚಕರಿಗೆ 50 ಲಕ್ಷಕ್ಕೂ ಹೆಚ್ಚು ಕಳೆದುಕೊಂಡು ಪ್ರಾಣವನ್ನೇ ಬಿಟ್ಟರು. ಹಣಕ್ಕಿಂತ ಮೊದಲು ಮನುಷ್ಯನನ್ನು ಕೊಲ್ಲುವುದು ಭಯ ಮತ್ತು ನಾಚಿಕೆ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಆ ತಾಯಿ ಮರುದಿನ ಬೆಳಿಗ್ಗೆಯೇ ಮಸೀದಿಯ ಬಾಗಿಲಿಗೆ ಬಂದಿದ್ದರು. ನಾನು ನಿಕಾಹ್ ಒಂದಕ್ಕೆ ಹೊರಟಿದ್ದೆ. ನಾಳೆ ಬನ್ನಿ ಅಮ್ಮಾ ಎಂದೆ. ಹಣ ಹೋದ ತಕ್ಷಣ 1930ಕ್ಕೆ ಕರೆ ಮಾಡಿದರೆ ಅದು ಕೈ ದಾಟುವ ಮೊದಲೇ ಖಾತೆಯಲ್ಲಿ ತಡೆಹಿಡಿಯುವ ಅವಕಾಶವಿದೆ. ನಾವು ಕರೆ ಮಾಡಿದ್ದು ಎರಡು ದಿನದ ಮೇಲೆ. ಅಷ್ಟರಲ್ಲಿ ಓಣಿಯಲ್ಲಿ ಕೆಲವರು, ಓದಿಲ್ಲದವರ ಕೈಗೆ ಮೊಬೈಲ್ ಯಾಕೆ ಕೊಡಬೇಕು ಎಂದು ನಕ್ಕಿದ್ದೂ ಆಯಿತು. ಓದಿದವರೂ ಮೋಸ ಹೋಗಿದ್ದಾರೆ, ನಗುವವರು ಅಲ್ಲಾಹನಿಗೆ ಹೆದರಲಿ. ನಿಮ್ಮ ಮನೆಯಲ್ಲಿ ಯಾರಾದರೂ ಮೋಸ ಹೋದರೆ ಮೊದಲು ಬೈಯಬೇಡಿ. ಬೈಗುಳದ ಭಯಕ್ಕೇ ಅವರು ಬಾಯಿ ಮುಚ್ಚುತ್ತಾರೆ. 1930ಕ್ಕೆ ಫೋನ್ ಮಾಡಿ, ಆಮೇಲೆ ಬಾಗಲಕೋಟೆಯ ಸಿಇಎನ್ ಠಾಣೆಗೆ ಹೋಗೋಣ, ನಾನೂ ಬರುತ್ತೇನೆ. ಹಣ ಹೋಗಿಲ್ಲ, ಕರೆ ಮಾತ್ರ ಬಂದಿತ್ತು ಎಂದರೆ ಸಂಚಾರ್ ಸಾಥಿಯ ‘ಚಕ್ಷು’ವಿನಲ್ಲಿ ದೂರು ಹಾಕಬಹುದು.

ಈ ಭಾನುವಾರ ಅಸರ್ ನಂತರ ಮದ್ರಸಾದ ಕೋಣೆಯಲ್ಲಿ ಹೆಣ್ಣುಮಕ್ಕಳಿಗಾಗಿ ಕೂರುತ್ತೇವೆ. ಕಾಲೇಜಿಗೆ ಹೋಗುವ ಇಬ್ಬರು ಹುಡುಗಿಯರು ಮೊಬೈಲ್ ಹಿಡಿದು ತೋರಿಸಿಕೊಡುತ್ತಾರೆ. ಪಾಸ್‌ಬುಕ್ ತನ್ನಿ, ಬ್ಯಾಂಕಿನ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಡುತ್ತಾರೆ. ಒಟಿಪಿ, ಪಿನ್ ಮಾತ್ರ ಅವರಿಗೂ ಹೇಳಬೇಡಿ, ನನಗೂ ಹೇಳಬೇಡಿ.