ಕಲೆಯ ಲೆಕ್ಕ ಬರೆಯಲು ಲಂಡನ್ನಿಗೆ ಹೋದ ವರ್ಷ

(ಟ್ರಸ್ಟಿನ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಹಳೆಯ ಫಲಾನುಭವಿಯೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಹದಿನೈದು ವರ್ಷಗಳ ಹಿಂದೆ ನಾನೂ ಇದೇ ರೀತಿ ಟೋಕನ್ ಹಿಡಿದು ಕೂತಿದ್ದೆ. ಬೀದರಿನಲ್ಲಿ ನಾನು ಬಿ.ಕಾಂ. ಓದಿದ ಮೂರೂ ವರ್ಷದ ಫೀಸು ಈ ಟ್ರಸ್ಟಿನದು. ನಮ್ಮ ಅಬ್ಬಾ ಬಿದರಿ ಕೆಲಸದವರು. ಮನೆಯಲ್ಲಿ ಹುಕ್ಕಾ ಬುಡ, ಹೂದಾನಿ ಎಲ್ಲ ತಯಾರಾಗುತ್ತಿದ್ದವು, ಆದರೆ ಯಾವುದಕ್ಕೆ ಎಷ್ಟು ಖರ್ಚಾಯಿತು ಎಂಬುದು ಯಾರಿಗೂ ಗೊತ್ತಿರಲಿಲ್ಲ. ನಾನು ಲೆಕ್ಕ ಓದಿದ್ದು ಆ ಕಾರಣಕ್ಕೆ. ನಂತರ ಎರಡೂವರೆ ವರ್ಷ ಒಂದು ಕರಕುಶಲ ಸಂಘದಲ್ಲಿ ಲೆಕ್ಕ ಬರೆದೆ.

2015ರಲ್ಲಿ ನಾನು ಲಂಡನ್ನಿನ ಗೋಲ್ಡ್‌ಸ್ಮಿತ್ಸ್‌ಗೆ ‘ಆರ್ಟ್ಸ್ ಅಡ್ಮಿನಿಸ್ಟ್ರೇಷನ್ ಅಂಡ್ ಕಲ್ಚರಲ್ ಪಾಲಿಸಿ’ ಎಂಬ ಎಂ.ಎ. ಓದಲು ಹೊರಟಾಗ ಮೊಹಲ್ಲಾದಲ್ಲಿ ಎಲ್ಲರೂ ಅಮ್ಮಿಯನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಹುಡುಗಿ ನಾಟಕ ಮಾಡೋಕೆ ಹೋಗ್ತಾಳಾ?’ ಅಮ್ಮಿಗೆ ಉತ್ತರ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅರ್ಧವೇ ಗೊತ್ತಿತ್ತು. ಇವತ್ತು ಪೂರ್ತಿ ಹೇಳುತ್ತೇನೆ.

ನಾಟಕ ಮಾಡುವವರು, ಚಿತ್ರ ಬರೆಯುವವರು, ಬೆಳ್ಳಿ ತಂತಿ ಕೂರಿಸುವವರು ಬೇರೆ. ಅವರಿಗೆ ಜಾಗ ಗೊತ್ತುಮಾಡುವುದು, ಹಣ ತರುವುದು, ಕರಾರು ಬರೆಯುವುದು, ಟಿಕೆಟ್ ಮಾರುವುದು, ಸಂಬಳ ಕೊಡುವುದು, ವರ್ಷದ ಕೊನೆಗೆ ಲೆಕ್ಕ ಒಪ್ಪಿಸುವುದು, ಇದು ಕಲಾ ಆಡಳಿತ. ಟ್ರಸ್ಟಿನ ಕಚೇರಿಯಲ್ಲಿ ರಸೀದಿ ಪುಸ್ತಕ ಹಿಡಿದು ಕೂತಿರುವ ನಮ್ಮ ಚಾಚಾ ಮಾಡುವ ಕೆಲಸಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಕೋರ್ಸು ಒಂದು ವರ್ಷದ್ದು. ತರಗತಿಗಳು ಕಡಿಮೆ, ಓದು ಬಹಳ. ಮೊದಲ ಮೂರು ತಿಂಗಳು ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ಬಾಯಿ ಬಿಟ್ಟು ಕೇಳಲು ನಾಚಿಕೆ. ಇಂಗ್ಲೆಂಡಿನಲ್ಲಿ 1946ರಲ್ಲಿ ಆರ್ಟ್ಸ್ ಕೌನ್ಸಿಲ್ ಹುಟ್ಟಿತು. ಅದನ್ನು ರೂಪಿಸಿದವರಲ್ಲಿ ಅರ್ಥಶಾಸ್ತ್ರಜ್ಞ ಕೇನ್ಸ್ ಮುಖ್ಯರು. ಸರ್ಕಾರ ಹಣ ಕೊಡುತ್ತದೆ, ಆದರೆ ಯಾವ ನಾಟಕಕ್ಕೆ, ಯಾವ ಚಿತ್ರಶಾಲೆಗೆ ಎಂದು ಮಂತ್ರಿ ಹೇಳುವಂತಿಲ್ಲ, ಕೌನ್ಸಿಲ್ ತೀರ್ಮಾನಿಸುತ್ತದೆ. ಇಂಥ ಏರ್ಪಾಡು ಎಷ್ಟು ನಡೆಯುತ್ತದೆ, ಎಲ್ಲಿ ಮುರಿಯುತ್ತದೆ ಎಂಬ ಚರ್ಚೆಯಲ್ಲೇ ಒಂದು ಟರ್ಮ್ ಕಳೆಯಿತು.

ನನ್ನ ತಲೆಯಲ್ಲಿ ದೀಪ ಹತ್ತಿಸಿದ್ದು ಬೇರೆ ಪಾಠ. ಬೌಮೋಲ್ ಮತ್ತು ಬೋವೆನ್ ಎಂಬ ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು 1966ರಲ್ಲಿ ಹೇಳಿದ್ದು: ಕಾರ್ಖಾನೆಯಲ್ಲಿ ಯಂತ್ರ ಬಂದಂತೆ ಒಬ್ಬ ಕೆಲಸಗಾರ ಹೆಚ್ಚು ಸಾಮಾನು ಮಾಡುತ್ತಾನೆ, ಸಂಬಳ ಏರುತ್ತದೆ. ಆದರೆ ಇನ್ನೂರು ವರ್ಷದ ಹಿಂದೆ ನಾಲ್ಕು ಜನ ನುಡಿಸುತ್ತಿದ್ದ ಸಂಗೀತಕ್ಕೆ ಇಂದೂ ನಾಲ್ಕು ಜನ ಬೇಕು, ಅಷ್ಟೇ ಹೊತ್ತು ಬೇಕು. ಖರ್ಚು ಮಾತ್ರ ಏರುತ್ತಲೇ ಹೋಗುತ್ತದೆ. ನಾನು ಕೂಡಲೇ ಅಬ್ಬಾಗೆ ಫೋನ್ ಮಾಡಿದೆ. ಸತು–ತಾಮ್ರದ ಎರಕದ ಮೇಲೆ ಗೆರೆ ಕೆತ್ತಿ, ಬೆಳ್ಳಿ ಬಡಿದು, ಕೋಟೆಯ ಮಣ್ಣಿನಲ್ಲಿ ಕಾಯಿಸಿ ಕಪ್ಪು ಮಾಡುವುದಕ್ಕೆ ಅವರ ಅಜ್ಜನಿಗೆ ಎಷ್ಟು ದಿನ ಹಿಡಿಯುತ್ತಿತ್ತೋ ಅವರಿಗೂ ಅಷ್ಟೇ ಹಿಡಿಯುತ್ತದೆ. ಅಬ್ಬಾ ಕೇಳಿಸಿಕೊಂಡು, ‘ಇದನ್ನ ಹೇಳೋಕೆ ಅಷ್ಟು ದೂರ ಹೋಗಬೇಕಿತ್ತಾ ಬೇಟಿ?’ ಅಂದರು. ಹೋಗಬೇಕಿತ್ತು. ನಮ್ಮ ಬಡತನ ನಮ್ಮ ಸೋಮಾರಿತನದಿಂದ ಬಂದದ್ದಲ್ಲ ಎಂದು ಲೆಕ್ಕದ ಭಾಷೆಯಲ್ಲಿ ಯಾರೂ ನನಗೆ ಅದುವರೆಗೆ ಹೇಳಿರಲಿಲ್ಲ.

ವಿದ್ಯಾರ್ಥಿ ಜೀವನ ಅಂದರೆ ಅಲ್ಲಿ ಊರೇ ಪಾಠಶಾಲೆ. ಬ್ರಿಟನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳಿಗೆ 2001ರಿಂದ ಪ್ರವೇಶ ಉಚಿತ. ಹಣವಿಲ್ಲದ ಭಾನುವಾರಗಳನ್ನು ನಾನು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಕಳೆದೆ. 1799ರಲ್ಲಿ ಶ್ರೀರಂಗಪಟ್ಟಣದಿಂದ ಒಯ್ದ ಟಿಪ್ಪುವಿನ ಮರದ ಹುಲಿ ಅಲ್ಲಿದೆ, ಅದರ ಸುತ್ತ ಯಾವಾಗಲೂ ಮಕ್ಕಳು. ಆ ಮ್ಯೂಸಿಯಮ್ಮಿನಲ್ಲಿ ಬಿದರಿ ಹುಕ್ಕಾ ಬುಡಗಳೂ ಇವೆ. ಒಂದರ ಫೋಟೋ ಕಳಿಸಿದೆ. ಅಬ್ಬಾ ಅದರ ಬೆಲೆ ಕೇಳಲಿಲ್ಲ, ‘ಮಾಡಿದವರ ಹೆಸರು ಬರೆದಿದ್ದಾರಾ?’ ಎಂದು ಕೇಳಿದರು. ಇರಲಿಲ್ಲ. ನನ್ನ ಪ್ರಬಂಧದ ವಿಷಯ ಆ ಸಂಜೆ ನಿಶ್ಚಯವಾಯಿತು.

2016ರ ರಂಜಾನ್ ಜೂನಿನಲ್ಲಿ ಬಂತು. ಅಲ್ಲಿ ಜೂನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಹದಿನೆಂಟು ಗಂಟೆಗೂ ಮೀರಿದ ರೋಜಾ. ನ್ಯೂ ಕ್ರಾಸಿನಿಂದ ರೈಲು ಹತ್ತಿದರೆ ವೈಟ್‌ಚಾಪೆಲ್, ಅಲ್ಲಿ ಈಸ್ಟ್ ಲಂಡನ್ ಮಸೀದಿ. ಮಕ್ಕಳನ್ನು ಕಳಿಸಲು ಹೆದರುವ ತಾಯಂದಿರು ಮೊದಲು ಇದನ್ನೇ ಕೇಳುತ್ತಾರೆ ಎಂದು ಹೇಳಿದೆ ಅಷ್ಟೆ.

ಆಗ ನಾನು ಒಂದು ಸಣ್ಣ ನಾಟಕಶಾಲೆಯಲ್ಲಿ ತರಬೇತಿಗಿದ್ದೆ. ಒಂದು ತಪ್ಪು ಮಾಡಿದೆ. ಶಾಲಾ ಮಕ್ಕಳ ಶಿಬಿರಕ್ಕೆಂದು ದಾನಿಯೊಬ್ಬರು ಕೊಟ್ಟಿದ್ದ ಹಣವನ್ನು ತಿಂಗಳ ಬಜೆಟ್ಟಿನಲ್ಲಿ ಕರೆಂಟ್ ಬಿಲ್ಲಿಗೆ ಹಾಕಿ ತೋರಿಸಿದೆ. ಮೊತ್ತ ಸರಿಹೊಂದುತ್ತಿತ್ತು! ಮ್ಯಾನೇಜರಮ್ಮ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ‘ಈ ಹಣ ನಮ್ಮದಲ್ಲ’ ಎಂದರು. ನನಗೆ ನಾಚಿಕೆಯಾಯಿತು, ಏಕೆಂದರೆ ಇದು ನಾನು ಮನೆಯಲ್ಲೇ ಕಲಿತಿರಬೇಕಾದ ಪಾಠ. ಜಕಾತ್ ಹಣ ಯಾರಿಗೆ ಸಲ್ಲಬೇಕೋ ಅವರಿಗೇ ಸಲ್ಲಬೇಕು, ಮಸೀದಿಯ ಫ್ಯಾನಿಗೆ ಹಾಕುವಂತಿಲ್ಲ ಎಂದು ಅಮ್ಮಿ ಎರಡು ಡಬ್ಬಿ ಬೇರೆ ಬೇರೆ ಇಡುತ್ತಿದ್ದರು.

ಆ ತರಬೇತಿಗೆ ಸಂಬಳ ಇರಲಿಲ್ಲ. ಈಗ ದಾನಿಗಳು ದಯವಿಟ್ಟು ಕೇಳಿ. ನನಗೆ ಚಿವ್ನಿಂಗ್ ವಿದ್ಯಾರ್ಥಿವೇತನ ಸಿಕ್ಕಿತ್ತು. ಅದು ಬ್ರಿಟಿಷ್ ಸರ್ಕಾರದ್ದು, ಫೀಸಿನ ಜೊತೆ ತಿಂಗಳ ಖರ್ಚನ್ನೂ ಕೊಡುತ್ತದೆ. ಹಾಗಾಗಿ ನಾನು ಪುಕ್ಕಟೆ ದುಡಿಯಬಲ್ಲವಳಾದೆ. ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ನನಗಿಂತ ಬುದ್ಧಿವಂತೆ. ಕಾಫಿ ಅಂಗಡಿಯಲ್ಲಿ ಕೆಲಸ ಬಿಡಲಾಗದೆ ಅವಳು ತರಬೇತಿಗೆ ಬರಲಿಲ್ಲ. ಈ ರಂಗದಲ್ಲಿ ಕೆಲಸ ಸಿಗುವುದು ಪರಿಚಯದಿಂದ, ಪರಿಚಯ ಆಗುವುದು ತರಬೇತಿಯಲ್ಲಿ. ಯಾರ ಮನೆ ಬಾಡಿಗೆಯನ್ನು ಬೇರೆಯವರು ಕಟ್ಟುತ್ತಾರೋ ಅವರು ಒಳಗೆ, ಉಳಿದವರು ಹೊರಗೆ.

ಇಲ್ಲಿಯೂ ಹಾಗೆಯೇ. ಅವಕಾಶಗಳು ಇಲ್ಲವೆಂದಲ್ಲ. ಬೆಂಗಳೂರಿನಲ್ಲಿ ರಂಗಶಂಕರ ಇದೆ, ಕಲಾವಿದರಿಗೆ ಅನುದಾನ ಕೊಡುವ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಇದೆ, 2023ರಲ್ಲಿ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಇದೆ. ಹೆಗ್ಗೋಡಿನ ನೀನಾಸಂ ಇದೆ, ನಮ್ಮ ಕಲಬುರಗಿಯಲ್ಲೇ ರಂಗಾಯಣ ಇದೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಆ ಪಟ್ಟಿಯಲ್ಲಿ ಕಲೆ, ಪರಂಪರೆ, ಕರಕುಶಲವೂ ಇವೆ. ಆ ಹಣಕ್ಕೆ ಅರ್ಜಿ ಬರೆಯಬಲ್ಲ ಒಬ್ಬರಾದರೂ ಬೀದರಿನ ಕುಶಲಕರ್ಮಿಗಳ ಓಣಿಯಲ್ಲಿ ಬೇಡವೇ? 2023ರಲ್ಲಿ ಶಾಹ್ ರಶೀದ್ ಅಹಮದ್ ಖಾದ್ರಿ ಸಾಹೇಬರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಮಿಠಾಯಿ ಹಂಚಿದೆವು. ಓಣಿಯ ಉಳಿದವರ ಕೂಲಿ ಮರುದಿನವೂ ಅಷ್ಟೇ ಇತ್ತು.

ಸಂಬಳದ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ವಾಪಸು ಬಂದು ಬೆಂಗಳೂರಿನ ಸಂಸ್ಥೆಯೊಂದಕ್ಕೆ ಸೇರಿದಾಗ ನನ್ನ ಸಂಬಳ ಡಿಪ್ಲೊಮಾ ಮಾಡಿದ ನನ್ನ ತಮ್ಮನ ಸಂಬಳಕ್ಕಿಂತ ಕಡಿಮೆ ಇತ್ತು. ಸಾಲ ಮಾಡಿ ಈ ಕೋರ್ಸಿಗೆ ವಿದೇಶಕ್ಕೆ ಹೋಗಬೇಡಿ ಎಂದೇ ನಾನು ಹೇಳುವುದು. ವಿದ್ಯಾರ್ಥಿವೇತನ ಸಿಕ್ಕರೆ ಮಾತ್ರ. ಚಿವ್ನಿಂಗ್‌ಗೆ ಪದವಿ ಬೇಕು, 2,800 ಗಂಟೆಗಳ, ಅಂದರೆ ಸುಮಾರು ಎರಡು ವರ್ಷದ, ಕೆಲಸದ ಅನುಭವ ಬೇಕು, ಓದು ಮುಗಿಸಿ ಎರಡು ವರ್ಷ ಸ್ವದೇಶದಲ್ಲಿರಬೇಕು. ಅರ್ಜಿ ಸಾಮಾನ್ಯವಾಗಿ ಆಗಸ್ಟಿನಲ್ಲಿ ತೆರೆದು ಅಕ್ಟೋಬರ್ ಮೊದಲಲ್ಲಿ ಮುಚ್ಚುತ್ತದೆ. ವಯಸ್ಸಿನ ಮಿತಿ ಇಲ್ಲ. ಮದುವೆಯಾದ ಹೆಣ್ಣುಮಕ್ಕಳೂ ಕೇಳಿಸಿಕೊಳ್ಳಿ.

ನನ್ನ ಅರ್ಜಿಯ ಕಾಲಕ್ಕೆ ಇಂಗ್ಲಿಷ್ ಪರೀಕ್ಷೆಯ ಫೀಸು, ಹೈದರಾಬಾದಿಗೆ, ದೆಹಲಿಗೆ ಹೋಗಿಬರುವ ಖರ್ಚು ನನ್ನಲ್ಲಿರಲಿಲ್ಲ. ಟ್ರಸ್ಟಿಗೆ ಬಂದೆ. ಕಾಲೇಜು ಫೀಸು ಬಿಟ್ಟು ಬೇರೆಯದಕ್ಕೆ ಕೊಡಲು ನಿಯಮವಿಲ್ಲ ಎಂದರು. ನಿಯಮ ಸರಿಯೇ ಇತ್ತು, ದಾನಿಗಳು ಫೀಸಿಗೆಂದೇ ಕೊಟ್ಟ ಹಣ ಅದು. ಟ್ರಸ್ಟಿಯೊಬ್ಬರು ಹೊರಗೆ ಬಂದು ಮೆಟ್ಟಿಲ ಮೇಲೆ ತಮ್ಮ ಕಿಸೆಯಿಂದ ಕೊಟ್ಟರು. ಹೆಸರು ಹೇಳಬಾರದೆಂದು ಇವತ್ತಿಗೂ ತಾಕೀತು. ಆ ಸಣ್ಣ ಮೊತ್ತ ಇಲ್ಲದಿದ್ದರೆ ಆ ದೊಡ್ಡ ವಿದ್ಯಾರ್ಥಿವೇತನ ಇರುತ್ತಿರಲಿಲ್ಲ. ಕಳೆದ ವರ್ಷ ಬೀದರಿನ ಒಬ್ಬ ಹುಡುಗನಿಗೆ ಬೆಂಗಳೂರಿನಲ್ಲಿ ಆರು ತಿಂಗಳ ತರಬೇತಿ ಸಿಕ್ಕಿತು, ಪಿ.ಜಿ. ಬಾಡಿಗೆ ಕಟ್ಟಲಾಗದೆ ಬಿಟ್ಟುಕೊಟ್ಟ. ಅವನಿಗೆ ಮೆಟ್ಟಿಲ ಮೇಲೆ ಯಾರೂ ಸಿಗಲಿಲ್ಲ.

ಹಾಗಾಗಿ ಟ್ರಸ್ಟಿಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಫೀಸಿನ ಖಾತೆಯನ್ನು ಮುಟ್ಟಬೇಡಿ. ಅದರ ಪಕ್ಕದಲ್ಲಿ ‘ತರಬೇತಿ ಮತ್ತು ಅರ್ಜಿ ವೆಚ್ಚ’ ಎಂದು ಇನ್ನೊಂದು ಖಾತೆ ತೆರೆಯಿರಿ. ಜಕಾತ್ ಅದಕ್ಕೆ ಸಲ್ಲುತ್ತದೋ ಇಲ್ಲವೋ ಉಲೇಮಾಗಳು ಹೇಳಲಿ, ನಾನು ಕೇಳುತ್ತಿರುವುದು ಸದಕಾದಿಂದ. ನನ್ನ ಒಂದು ತಿಂಗಳ ಸಂಬಳವನ್ನು ಬೆಳಿಗ್ಗೆಯೇ ಚಾಚಾ ಹತ್ತಿರ ಕಟ್ಟಿದ್ದೇನೆ. ರಸೀದಿಯಲ್ಲಿ ಯಾವ ಖಾತೆ ಎಂದು ಬರೆಯಲಿ ಎಂದು ಅವರು ಕೇಳಿದರು. ಆ ಜಾಗ ಇನ್ನೂ ಖಾಲಿ ಇದೆ.

ಊಟದ ಮೇಲೆ ನಾನು ಹಿಂದಿನ ಬೆಂಚಿನಲ್ಲಿ ಕೂತಿರುತ್ತೇನೆ. ಮಾರ್ಕ್ಸ್ ಕಾರ್ಡ್ ತಂದವರು ಬನ್ನಿ, ಅರ್ಜಿ ಹೇಗೆ ಬರೆಯುವುದೆಂದು ಕೂತು ನೋಡೋಣ.